ಪುಟ್ಟಿ ಯಾಕೆ ಕಚ್ಚಿದಳು?

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೆಳಗಿನ ಹೊತ್ತು ಹೇಗಿರುತ್ತದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಒಂದು ಚಪ್ಪಲಿ ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ, ಮಗು ಆಗಲೇ ತೊಡಿಸಿದ ಅಂಗಿಯನ್ನು ಕಿತ್ತು ಹಾಕಿರುತ್ತದೆ. ಈ ಕಥೆಯ ತಾಯಿಯ ಮನೆಯಲ್ಲಿ ಇದೆಲ್ಲದರ ಜೊತೆಗೆ ಇನ್ನೊಂದು ತಲೆನೋವಿತ್ತು. ಶಿಶುವಿಹಾರಕ್ಕೆ ಹೊರಡೋಣ ಎಂದರೆ ಸಾಕು, ಮಗಳು ಪುಟ್ಟಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತುಬಿಡುತ್ತಿದ್ದಳು. ಬೆರಳು ಬಿಡಿಸಲು ಹೋದರೆ ಕೈಗೇ ಬಾಯಿ ಹಾಕುತ್ತಿದ್ದಳು.

ತಾಯಿ ಬಸ್ ಕಂಡಕ್ಟರ್. ಗಂಡ ದೂರದೂರಿಗೆ ಲಾರಿ ಓಡಿಸುವವನು, ಮನೆಗೆ ಬಂದರೆ ನೆಂಟರ ಹಾಗೆ ಬಂದು ಹೋಗುವವನು. ಮನೆಯಲ್ಲಿ ಉಳಿದವರು ಮಾವ. ಅವರು ಗೋಡೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡಿ, ಏಣಿ ಹತ್ತಿ ಇಳಿದು, ಮಂಡಿ ಸವೆಸಿಕೊಂಡು ಕೂತಿದ್ದರು. ಮಧ್ಯಾಹ್ನ ಪುಟ್ಟಿಯನ್ನು ಕರೆತಂದು, ಸೊಸೆಯ ಡ್ಯೂಟಿ ಮುಗಿಯುವವರೆಗೂ ನೋಡಿಕೊಳ್ಳುವ ಕೆಲಸ ಅವರದು.

ಪುಟ್ಟಿಗೆ ನಾಲ್ಕು ತುಂಬುತ್ತಾ ಬಂದಿತ್ತು. ಮಾತು ಬಹಳ ಕಡಿಮೆ. ಆಡಿದ ಒಂದೆರಡು ಮಾತೂ ಕೂಗಿದ ಹಾಗೆ. ಬೇಕಾದ್ದು ಸಿಗದಿದ್ದರೆ ಪಕ್ಕದ ಮಗುವನ್ನು ಕಚ್ಚಿಬಿಡುತ್ತಿದ್ದಳು. ಬೇರೆ ತಾಯಂದಿರು ಅವಳಿಗೆ 'ಕೆಂಜಿಗ' ಎಂದು ಕಚ್ಚುವ ಕೆಂಪಿರುವೆಯ ಹೆಸರಿಟ್ಟಿದ್ದರು. ತಾಯಿಯ ಎದುರಿಗೆ ಆ ಹೆಸರನ್ನು ನಗುತ್ತಾ ಹೇಳುತ್ತಿದ್ದರು. ಬೆನ್ನ ಹಿಂದೆ ಹೇಳುವಾಗ ಯಾರೂ ನಗುತ್ತಿರಲಿಲ್ಲ.

"ಹಠಮಾರಿ ಕಣಮ್ಮಾ ಇವಳು. ಅಪ್ಪನ ಥರಾನೇ. ದೊಡ್ಡೋಳಾದ್ರೆ ಸರಿ ಹೋಗ್ತಾಳೆ," ಎನ್ನುತ್ತಿದ್ದರು ಮಾವ. ತಾಯಿಯೂ ಹಾಗೇ ಅಂದುಕೊಂಡಿದ್ದಳು. ಬೇರೆ ಏನಾದರೂ ಅಂದುಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು?

ಅದೂ ಅಲ್ಲದೆ, ಶಿಶುವಿಹಾರದ ಟೀಚರ್ ಮೇಲೆ ಅವಳಿಗೆ ಪೂರ್ತಿ ಭರವಸೆ. ಆ ಟೀಚರ್ ಕೈಯಲ್ಲಿ ಬೆಳೆಯದ ಮಗು ಆ ಬೀದಿಯಲ್ಲೇ ಇರಲಿಲ್ಲ. ಅಳುವ ಮಗುವನ್ನು ಅವರು ಎತ್ತಿಕೊಂಡರೆ ಅಮ್ಮಂದಿರು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಿದ್ದರು.

ಆ ದಿನ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಪ್ರಯಾಣಿಕರನ್ನು ಹಿಂದಿನ ಬಸ್ಸಿಗೆ ಹತ್ತಿಸಿದ ಮೇಲೆ ಡ್ರೈವರ್, "ನೀನು ಮನೆಗೆ ಹೋಗಮ್ಮ, ಗಾಡಿ ಇವತ್ತು ಏಳಲ್ಲ," ಎಂದ. ಹಗಲು ಹೊತ್ತಿನಲ್ಲಿ ಬಿಡುವು! ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಇವತ್ತು ನಾನೇ ಹೋಗಿ ಮಗಳನ್ನು ಕರೆತರೋಣ, ನನ್ನನ್ನು ನೋಡಿ ಎಷ್ಟು ಅರಳುತ್ತಾಳೋ ಎಂದುಕೊಂಡು ಶಿಶುವಿಹಾರಕ್ಕೆ ಹೊರಟಳು.

ಒಳಗಿನಿಂದ ಸಂತೆಯಂಥ ಗದ್ದಲ ಕೇಳುತ್ತಿತ್ತು. ಒಂದು ಮಗು ವಾಂತಿ ಮಾಡಿಕೊಂಡು ನಿಂತಿತ್ತು. ಇನ್ನೆರಡು ಒಂದೇ ಗೊಂಬೆಯ ಎರಡು ಕಾಲು ಹಿಡಿದು ಎಳೆದಾಡುತ್ತಿದ್ದವು. ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡ ಹುಡುಗನೊಬ್ಬ ಬಿಕ್ಕುತ್ತಿದ್ದ. ಇವರೆಲ್ಲರ ನಡುವೆ ಟೀಚರ್ ಒಬ್ಬರೇ ನೆಲ ಒರೆಸುತ್ತಿದ್ದರು. ಬೆಂಚುಗಳ ಮೇಲೆ, ಚಾಪೆಯ ಮೇಲೆ, ಅಂಗಳದಲ್ಲಿ ಎಲ್ಲೂ ಪುಟ್ಟಿ ಕಾಣಲಿಲ್ಲ.

"ಟೀಚರ್, ನನ್ನ ಮಗಳೆಲ್ಲಿ?"

ಟೀಚರ್ ತಲೆ ಎತ್ತಿದರು. ಅವರ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತು. ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು. ಎದ್ದವರೇ ಹಿಂದಿನ ಸಾಮಾನು ಕೋಣೆಯ ಕಡೆ ಓಡಿದರು. ಚಿಲಕ ತೆಗೆಯಲು ಹೋದರೆ ಅದು ಜಾರುತ್ತಿತ್ತು. ತಾಯಿ ಅವರನ್ನು ಪಕ್ಕಕ್ಕೆ ತಳ್ಳಿ ತಾನೇ ಎಳೆದು ತೆಗೆದಳು.

ಕಿಟಕಿಯಿಲ್ಲದ ಕೋಣೆ. ಸುತ್ತಿಟ್ಟ ಚಾಪೆಗಳು, ಚಕ್ರ ಮುರಿದ ಸೈಕಲ್ಲು, ಖಾಲಿ ಡಬ್ಬಗಳು. ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿಕೊಂಡು ಪುಟ್ಟಿ ಕೂತಿದ್ದಳು. ಚಡ್ಡಿ ಒದ್ದೆಯಾಗಿತ್ತು. ಅಳುತ್ತಿರಲಿಲ್ಲ. ಅತ್ತೂ ಅತ್ತೂ ಸಾಕಾಗಿ ಸುಮ್ಮನಾದ ಮಗುವಿನ ಬೆನ್ನು ಅದು.

"ಪುಟ್ಟೀ..." ತಾಯಿ ಕರೆದಳು. ಮಗು ತಿರುಗಲಿಲ್ಲ. ಮತ್ತೆ ಕರೆದಳು. ಆಗಲೂ ತಿರುಗಲಿಲ್ಲ. ತಾಯಿ ಒಳಗೆ ಬಂದಾಗ ಅವಳ ನೆರಳು ಗೋಡೆಯ ಮೇಲೆ ಬಿದ್ದದ್ದನ್ನು ಕಂಡ ಮೇಲಷ್ಟೇ ಬೆಚ್ಚಿಬಿದ್ದು ಹಿಂದೆ ನೋಡಿ, ತೆವಳಿಕೊಂಡು ಬಂದು ತಾಯಿಯ ಕಾಲನ್ನು ತಬ್ಬಿತು.

ಆಮೇಲೆ ಅವಳು ಏನು ಕೂಗಿದಳೋ ಅವಳಿಗೇ ನೆನಪಿಲ್ಲ. ಬೀದಿಯವರೆಲ್ಲ ಸೇರಿದರು. "ಮಕ್ಕಳನ್ನ ಕೂಡಿ ಹಾಕ್ತೀರಾ? ಮನುಷ್ಯರೇನ್ರೀ ನೀವು?" ಎಂದು ಒಬ್ಬರು, "ಪೊಲೀಸರನ್ನ ಕರೀರಿ" ಎಂದು ಇನ್ನೊಬ್ಬರು. ಟೀಚರ್ ಗೋಡೆಗೆ ಒರಗಿ ನಿಂತಿದ್ದರು. ಒಂದೇ ಮಾತು ಹೇಳಿದರು. "ನಂದೇ ತಪ್ಪು."

ಮಗಳನ್ನು ಹೆಗಲಿಗೆ ಹಾಕಿಕೊಂಡು ತಾಯಿ ಮನೆಗೆ ಬಂದಳು. ಮಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅವರಿಗೆ ನಡೆದದ್ದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿ ಅವಳ ತೋಳಿನಿಂದ ಜಾರಿ ಕೆಳಗಿಳಿದಳು. ನೇರವಾಗಿ ಕಿಟಕಿಯ ಹತ್ತಿರ ಹೋದಳು.

ಕಿಟಕಿಯ ಸರಳಿಗೆ ಹಳೆಯ ಶಾಲೊಂದನ್ನು ಗಂಟು ಹಾಕಿ ಇಳಿಬಿಟ್ಟಿದ್ದರು. ಅದರ ತುದಿಯಲ್ಲೊಂದು ಕುಣಿಕೆ. ಮಗು ಆ ಕುಣಿಕೆಯೊಳಗೆ ಮೊದಲು ಒಂದು ಕೈ ತೂರಿಸಿತು, ಆಮೇಲೆ ತಲೆ, ಆಮೇಲೆ ಇನ್ನೊಂದು ಕೈ. ಸೊಂಟದವರೆಗೆ ಎಳೆದುಕೊಂಡು ನೆಲದ ಮೇಲೆ ಕೂತಿತು. ಅಂಗಿ ಹಾಕಿಕೊಂಡಷ್ಟು ಸಲೀಸಾಗಿ.

ಟೀಚರ್ ಎದುರು ಅಷ್ಟು ಕೂಗಿದವಳು ಈಗ ಮೆಲ್ಲಗೆ ಕೇಳಿದಳು.

"ಮಾವ... ಇದೇನು ಮಾವ?"

ಮಾವ ಕಣ್ಣುಜ್ಜಿಕೊಂಡರು. "ಅದಾ? ಕಟ್ಟೋದು ಅವಳನ್ನ. ಇನ್ನೇನು ಮಾಡ್ಲಿ? ನನ್ನ ಮಂಡಿಗೆ ಅವಳ ಹಿಂದೆ ಓಡೋಕಾಗುತ್ತಾ?"

"ದಿನಾನಾ?"

"ದಿನಾ." ಮಾವನ ದನಿ ತಗ್ಗಿತು. "ಆವತ್ತು ಬೀದಿಗೆ ಓಡಿಬಿಟ್ಳು ಕಣಮ್ಮಾ. ನೀನಿರಲಿಲ್ಲ. ಹಾಲಿನ ವ್ಯಾನು ಬರ್ತಾ ಇತ್ತು. ಹಿಂದಿನಿಂದ ನಿಲ್ಲೇ ನಿಲ್ಲೇ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ತಿರುಗಿ ಕೂಡ ನೋಡ್ಲಿಲ್ಲ. ಆ ವ್ಯಾನಿನವನು ಬ್ರೇಕ್ ಹಾಕದೇ ಇದ್ದಿದ್ರೆ... ಅವತ್ತಿಂದ ಕಟ್ಟೋಕೆ ಶುರು ಮಾಡ್ದೆ. ಸತ್ತು ಹೋಗೋದಕ್ಕಿಂತ ಕಟ್ಟಿರೋದು ವಾಸಿ ಅಲ್ವಾ?"

ಅವಳು ನೆಲದ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ಮಾವನೂ ಅಳುತ್ತಿದ್ದರು. ಮಗು ಮಾತ್ರ ಕುಣಿಕೆಯೊಳಗೆ ಕೂತು ಇಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿತ್ತು.

ಅಳು ಕೇಳಿ ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಓಡಿ ಬಂದಳು. ಅವಳದು ಬೀದಿಯ ತುದಿಯಲ್ಲಿ ಔಷಧಿ ಅಂಗಡಿ, ಮನೆಯಲ್ಲಿ ಅವಳಿ ಮಕ್ಕಳು. ಬಂದವಳು ಮೊದಲು ಪುಟ್ಟಿಯ ಸೊಂಟದಿಂದ ಶಾಲು ಬಿಡಿಸಿ ಎತ್ತಿಕೊಂಡಳು. ಆಮೇಲೆ ಎಲ್ಲವನ್ನೂ ಕೇಳಿಸಿಕೊಂಡಳು. ಕೋಣೆಯ ವಿಷಯಕ್ಕೆ, "ಅಯ್ಯೋ, ಆ ಟೀಚರ್ರಾ?" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ವ್ಯಾನಿನ ವಿಷಯ ಬಂದಾಗ ಮಾತ್ರ ಅವಳ ಹುಬ್ಬು ಗಂಟಾಯಿತು.

"ಒಂದು ನಿಮಿಷ ಇರಿ. ಕೂಗಿದ್ರೆ ತಿರುಗಲ್ವಾ? ಯಾವಾಗ್ಲೂ ಹಾಗೇನಾ?"

"ಹಠ ಅವಳಿಗೆ," ಎಂದರು ಮಾವ.

"ಹಠಾನೋ, ಕೇಳ್ಸೋದೇ ಇಲ್ವೋ?"

ತಾಯಿಗೆ ಆ ಕತ್ತಲೆ ಕೋಣೆ ಕಣ್ಣಿಗೆ ಬಂತು. ಎರಡು ಸಲ ಕರೆದರೂ ಅಲುಗದ ಆ ಪುಟ್ಟ ಬೆನ್ನು.

"ಅಕ್ಕಾ, ನಾಳೆ ಬೆಳಿಗ್ಗೆ ಕುಟುಂಬ ನೆರವು ಕೇಂದ್ರಕ್ಕೆ ಹೋಗೋಣ," ಎಂದಳು ಕೆಳಗಿನ ಮನೆಯಾಕೆ. "ಟೀಚರ್ ಮೇಲೆ ದೂರು ಕೊಡೋದಿದ್ರೂ ಅಲ್ಲೇ ಕೊಡಬಹುದು. ಮಗೂನ ತೋರಿಸೋದಕ್ಕೂ ಅದೇ ಜಾಗ."

ಮಾವ ಸೆಟೆದು ಕೂತರು. "ಬೇಡ. ಮನೆ ಮಾತನ್ನ ಬೀದಿಗೆ ಹಾಕೋದು ಬೇಡ. ನಾನು ಮಗೂನ ಕಟ್ತೀನಿ ಅಂತ ಗೊತ್ತಾದ್ರೆ ಮಗೂನ ಎತ್ಕೊಂಡೇ ಹೋಗ್ತಾರೆ. ನನ್ನನ್ನ ಒಳಗೆ ಹಾಕ್ತಾರೆ."

"ತಾತ, ನಾನು ಅವಳಿ ಹೆತ್ತಾಗ ಏನಾಗಿತ್ತು ಗೊತ್ತಾ? ಒಂದು ಅತ್ತರೆ ಇನ್ನೊಂದು ಅಳೋದು. ನಿದ್ದೆ ಇಲ್ಲ, ಊಟ ಇಲ್ಲ. ಒಂದು ದಿನ ಎರಡನ್ನೂ ತೊಟ್ಟಿಲಲ್ಲಿ ಬಿಟ್ಟು ಬಸ್ ಸ್ಟ್ಯಾಂಡ್‌ವರೆಗೂ ನಡೆದು ಹೋಗಿಬಿಟ್ಟಿದ್ದೆ. ಬರಿಗಾಲಲ್ಲಿ! ಅಲ್ಲಿಂದ ನನ್ನನ್ನ ಕರ್ಕೊಂಡು ಬಂದೋರು ಆ ಕೇಂದ್ರದವರೇ. ಮಕ್ಕಳನ್ನ ಕಿತ್ಕೊಂಡು ಹೋಗ್ಲಿಲ್ಲ. ಬೆಳಗಿನ ಹೊತ್ತು ಮನೆಗೆ ಬಂದು ಒಂದು ಮಗು ಎತ್ಕೊಂಡು ಕೂರ್ತಾ ಇದ್ರು, ನಾನು ಮಲಗ್ಲಿ ಅಂತ. ಇವತ್ತು ನಾನು ನೆಟ್ಟಗಿದ್ದೀನಿ ಅಂದ್ರೆ ಅವರಿಂದ."

ತಾಯಿ ಬೆರಗಾಗಿ ಅವಳನ್ನೇ ನೋಡಿದಳು. ಒಂದೇ ಮೆಟ್ಟಿಲು ಹತ್ತಿಳಿಯುವವರು. ಇದು ಯಾವುದೂ ಅವಳಿಗೆ ಗೊತ್ತೇ ಇರಲಿಲ್ಲ.

"ಎಲ್ಲಿದೆ ಅದು?"

"ನಿಮ್ಮ ಬಸ್ಸು ದಿನಾ ನಿಲ್ಲೋ ಜಾಗ ಅಕ್ಕಾ ಅದು!"

ತಾಯಿ ಹಣೆ ಹಣೆ ಚಚ್ಚಿಕೊಂಡಳು. "ಹೌದಲ್ವೇ! 'ನೆರವು ಕೇಂದ್ರ ಯಾರ್ರೀ ಇಳಿಯೋರು' ಅಂತ ನಾನೇ ಬಾಯಿ ಬಡ್ಕೋತೀನಿ. ಒಳಗೇನಿದೆ ಅಂತ ಒಂದಿನಾನೂ ನೋಡ್ಲಿಲ್ಲ ನೋಡು."

ಮರುದಿನ ಮಾವ ಬರುವುದಿಲ್ಲ ಎಂದವರು ಕೊನೆಗೆ ಕೋಲು ಹಿಡಿದು ಹಿಂದೆಯೇ ಹೊರಟರು. ಮಗುವನ್ನು ಕಿತ್ತುಕೊಳ್ಳಲು ಬಂದರೆ ಅಡ್ಡ ನಿಲ್ಲುವುದು ಅವರ ಲೆಕ್ಕ.

ಕೇಂದ್ರದ ಒಳಗೆ ಕಾಲಿಟ್ಟ ತಾಯಿಗೆ ಮತ್ತೊಂದು ಆಘಾತ ಕಾದಿತ್ತು. ಅಲ್ಲಿ ಬೆಂಚಿನ ಮೇಲೆ ಟೀಚರ್ ಕೂತಿದ್ದರು. ಕಣ್ಣು ಊದಿಕೊಂಡಿತ್ತು. ಅವರ ಎದುರು ದೊಡ್ಡ ಕನ್ನಡಕ ಹಾಕಿದ ಮೇಡಂ ಒಬ್ಬರಿದ್ದರು, ಕೇಂದ್ರವನ್ನು ನಡೆಸುವವರು.

"ಇವರು ಇಲ್ಯಾಕೆ ಬಂದಿದ್ದಾರೆ? ನನ್ನ ಮೇಲೇ ಚಾಡಿ ಹೇಳೋಕಾ?" ತಾಯಿ ಸಿಡಿದಳು.

"ತಮ್ಮ ಮೇಲೆ ಹೇಳೋಕಮ್ಮ," ಎಂದರು ಮೇಡಂ. "ನಿನ್ನೆ ಸಂಜೆನೇ ಬಂದ್ರು. ಮಗುವನ್ನ ಕೂಡಿ ಹಾಕ್ದೆ, ನನ್ನನ್ನ ಕೆಲಸದಿಂದ ತೆಗೀರಿ ಅಂದ್ರು."

ಟೀಚರ್ ತಲೆ ಎತ್ತದೆ ಮಾತಾಡಿದರು. "ಆಯಾ ಕೆಲಸ ಬಿಟ್ಟು ಹೋದ ಮೇಲೆ ಬೇರೆಯವರು ಬರಲಿಲ್ಲ. ಮೇಲಿನವರನ್ನ ಕೇಳಿದೆ, ಮತ್ತೆ ಕೇಳಿದೆ, ಆಮೇಲೆ ಕೇಳೋದೇ ಬಿಟ್ಟೆ. ಅಷ್ಟೂ ಮಕ್ಕಳಿಗೆ ನಾನೊಬ್ಬಳೇ. ಬಚ್ಚಲಿಗೆ ಹೋಗೋಕಾಗಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡೀತಿರಲಿಲ್ಲ. ನಿನ್ನೆ ಪುಟ್ಟಿ ಆ ಹುಡುಗನ ಕೆನ್ನೆ ಕಚ್ಚಿದ್ಳು, ರಕ್ತ ಬಂತು. ಅದೇ ಹೊತ್ತಿಗೆ ಒಂದು ಮಗು ವಾಂತಿ ಮಾಡ್ತು, ಇನ್ನೊಂದು ಗೇಟು ಹತ್ತಿತ್ತು. ಒಂದು ಕ್ಷಣ ಇವಳನ್ನ ಬೇರೆ ಕೂರಿಸೋಣ ಅಂತ ಒಳಗೆ ಬಿಟ್ಟು ಚಿಲಕ ಹಾಕ್ದೆ. ಆಮೇಲೆ..." ಅವರು ಕಣ್ಣೊರೆಸಿಕೊಂಡರು. "ಆಮೇಲೆ ಮರೆತುಬಿಟ್ಟೆ. ಮಗು ಒಳಗಿದೆ ಅನ್ನೋದನ್ನೇ ಮರೆತೆ. ನೀವು ಬಂದು ಕೇಳೋವರೆಗೂ ನೆನಪಿರಲಿಲ್ಲ. ಬಾಗಿಲು ಬಡಿದಿರ್ತಾಳೆ. ಆ ಗದ್ದಲದಲ್ಲಿ ನಂಗೆ ಕೇಳಿಸಲಿಲ್ಲ."

ಮರೆತರಂತೆ. ಹೊಡೆದಿದ್ದರೂ ತಾಯಿಗೆ ಇಷ್ಟು ನೋವಾಗುತ್ತಿರಲಿಲ್ಲ. ಏನಾದರೂ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಮನೆಯ ಕಿಟಕಿಯಲ್ಲಿ ನೇತಾಡುವ ಶಾಲು ಅವಳಿಗೂ ಕಂಡಿರಲಿಲ್ಲ. ಅದೇ ಮನೆಯಲ್ಲಿ ದಿನಾ ಮಲಗಿ ಎದ್ದರೂ ಕಂಡಿರಲಿಲ್ಲ.

"ಮಗೂನ ಕೂಡಿ ಹಾಕಿದ್ದು ತಪ್ಪೇ," ಎಂದರು ಮೇಡಂ. "ಅದರಲ್ಲಿ ಎರಡು ಮಾತಿಲ್ಲ. ಇಲಾಖೆಗೆ ತಿಳಿಸಿದ್ದೀನಿ, ವಿಚಾರಣೆ ಆಗುತ್ತೆ. ಅಲ್ಲೀವರೆಗೆ ಟೀಚರ್ ಮಕ್ಕಳ ಜೊತೆ ಇರಲ್ಲ, ಬದಲಿ ಟೀಚರ್ ಇವತ್ತಿಂದಾನೇ ಹೋಗಿದ್ದಾರೆ. ಆದ್ರೆ ಇವರನ್ನ ತೆಗೆದು ಇನ್ನೊಬ್ಬರನ್ನ ಒಂಟಿಯಾಗಿ ಅದೇ ಜಾಗದಲ್ಲಿ ನಿಲ್ಲಿಸಿದ್ರೆ, ಮುಂದಿನ ವರ್ಷ ಅವರೂ ಇದೇ ಬೆಂಚಲ್ಲಿ ಕೂತಿರ್ತಾರೆ. ಇಲ್ಲಿ ಟೀಚರ್‌ಗಳಿಗೂ ನೆರವಿದೆ ಅಂತ ನಾವು ಅವರ ಬಾಗಿಲಿಗೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಅದು ನಮ್ಮ ತಪ್ಪು." ಆಮೇಲೆ ತಾಯಿಯ ಕಡೆ ತಿರುಗಿ, "ಮನೇಲಿ ಪುಟ್ಟೀನ ಯಾರು ನೋಡ್ಕೋತಾರಮ್ಮ?" ಎಂದು ಕೇಳಿದರು.

ಹೇಳಿದರೆ ಮಾವನ ಮಾನ ಹೋಗುತ್ತದೆ. ಹೇಳದಿದ್ದರೆ? ಅವಳು ತುಟಿ ಕಚ್ಚಿಕೊಂಡು ನಿಂತಿರುವಾಗ ಹಿಂದಿನಿಂದ ಕೋಲಿನ ಸದ್ದಾಯಿತು.

"ನಾನು," ಎಂದರು ಮಾವ. "ನಾನು ನೋಡ್ಕೊಳ್ಳೋದು. ನೋಡ್ಕೊಳ್ಳೋದಲ್ಲ... ಕಟ್ಟಿ ಹಾಕೋದು. ಕಿಟಕಿಗೆ." ಕೋಲೂರಿ ಒಂದು ಹೆಜ್ಜೆ ಮುಂದೆ ಬಂದರು. "ಶಿಕ್ಷೆ ಕೊಡೋದಿದ್ರೆ ನಂಗೆ ಕೊಡಿ. ಮಗೂನ ಮಾತ್ರ ಕರ್ಕೊಂಡು ಹೋಗ್ಬೇಡಿ."

ಟೀಚರ್ ಥಟ್ಟನೆ ತಲೆ ಎತ್ತಿದರು. ಮೇಡಂ ಎದ್ದು ಕುರ್ಚಿ ಎಳೆದು ಅವರನ್ನು ಕೂರಿಸಿ ನೀರು ಕೊಟ್ಟರು. "ಯಜಮಾನ್ರೇ, ಕಟ್ಟೋದು ಇವತ್ತಿಗೆ ನಿಲ್ಲಬೇಕು. ಕುಣಿಕೆ ಕುತ್ತಿಗೆಗೆ ಬಿದ್ರೆ ಮಗು ಕಣ್ಣೆದುರಿಗೇ ಹೋಗಿಬಿಡುತ್ತೆ. ಹಾಗಂತ ನಿಮ್ಮ ಮಂಡಿಗೆ ಓಡು ಅಂತ ನಾನು ಹೇಳೋಕಾಗುತ್ತಾ? ಮಧ್ಯಾಹ್ನ ಮಗೂನ ಇಲ್ಲಿಗೆ ಕರ್ಕೊಂಡು ಬನ್ನಿ. ಆಟದ ಕೋಣೆ ಇದೆ, ನೋಡ್ಕೊಳ್ಳೋರಿದ್ದಾರೆ. ನಿಮ್ಮಂಥ ಅಜ್ಜ ಅಜ್ಜಿಯರೂ ಬರ್ತಾರೆ. ನೀವು ಕೂತಲ್ಲೇ ಕೂತು ಮೊಮ್ಮಗಳ ಆಟ ನೋಡಿ."

ಕುತ್ತಿಗೆಯ ಮಾತು ಕೇಳಿದ ಮಾವ ನೀರಿನ ಲೋಟ ಕೆಳಗಿಟ್ಟರು. ಅವರಿಗೆ ಅದು ಹೊಳೆದೇ ಇರಲಿಲ್ಲ.

ಅಷ್ಟು ಹೊತ್ತಿಗೆ ಪುಟ್ಟಿ ನೆಲದ ಮೇಲೆ ಮರದ ತುಂಡುಗಳನ್ನು ಜೋಡಿಸುತ್ತಾ ಕೂತಿದ್ದಳು. ಮೇಡಂ ಎಲ್ಲರಿಗೂ ಸುಮ್ಮನಿರಿ ಎಂದು ಸನ್ನೆ ಮಾಡಿ, ಸದ್ದಿಲ್ಲದೆ ಅವಳ ಹಿಂದೆ ಹೋಗಿ ಗಿಲಕಿ ಆಡಿಸಿದರು. ಮಗು ತಿರುಗಲಿಲ್ಲ. ಹೆಸರು ಹಿಡಿದು ಕರೆದರು. ತಿರುಗಲಿಲ್ಲ. ಇನ್ನಷ್ಟು ಹತ್ತಿರ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದ ಮೇಲೆ, ಎಲ್ಲಿಂದಲೋ ಏನೋ ಬಂತು ಎನ್ನುವ ಹಾಗೆ ತಪ್ಪು ದಿಕ್ಕಿಗೆ ನೋಡಿತು.

ತಾಯಿ ಬಾಯಿಗೆ ಅಂಗೈ ಒತ್ತಿಕೊಂಡಳು. ಹಠಮಾರಿ, ಕೆಂಜಿಗ, ಹೇಳಿದ ಮಾತು ಕೇಳದವಳು. ಮಗುವಿನ ಕಿವಿಗೆ ಮಾತೇ ಬೀಳುತ್ತಿರಲಿಲ್ಲ!

ಕೇಂದ್ರದವರೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಪದೇ ಪದೇ ಬಂದ ನೆಗಡಿಯಿಂದ ಎರಡೂ ಕಿವಿಯ ತಮಟೆಯ ಹಿಂದೆ ನೀರು ಕಟ್ಟಿ ಅಂಟಿನ ಹಾಗೆ ಗಟ್ಟಿಯಾಗಿತ್ತು. "ನೀರೊಳಗೆ ಮುಳುಗಿದಾಗ ದಡದ ಮೇಲಿನವರ ಮಾತು ಹೇಗೆ ಕೇಳಿಸುತ್ತೋ, ಇವಳಿಗೆ ನಿಮ್ಮ ಮಾತು ಹಾಗೆ ಕೇಳಿಸ್ತಿತ್ತು," ಎಂದರು ಡಾಕ್ಟರು. "ಬೇಕು ಅಂತ ಹೇಳೋಕೆ ಮಾತಿಲ್ಲ, ಬೇಡ ಅನ್ನೋಕೂ ಮಾತಿಲ್ಲ. ಹಲ್ಲಿತ್ತು, ಕಚ್ಚಿದ್ಳು." ಚಿಕ್ಕದೊಂದು ಆಪರೇಷನ್ ಸಾಕಾಯಿತು.

ಆಪರೇಷನ್ ಆಗಿ ಮನೆಗೆ ಬಂದ ದಿನ ಪುಟ್ಟಿ ನಲ್ಲಿ ತಿರುಗಿಸಿ, ನೀರು ಬೀಳುವ ಸದ್ದಿಗೆ ಹೌಹಾರಿ ಓಡಿ ಬಂದಳು. ಆಮೇಲೆ ಬಾಗಿಲ ಮರೆಯಿಂದ ಇಣುಕಿ ನೋಡಿದಳು. ಮತ್ತೆ ಹೋಗಿ ತಿರುಗಿಸಿದಳು. ಕೊಡಗಟ್ಟಲೆ ನೀರು ಹರಿದುಹೋದರೂ ಯಾರೂ ನಿಲ್ಲಿಸು ಎನ್ನಲಿಲ್ಲ.

ಎಲ್ಲವೂ ಒಂದೇ ದಿನದಲ್ಲಿ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಕೆನ್ನೆ ಕಚ್ಚಿಸಿಕೊಂಡ ಹುಡುಗನ ಮನೆಯವರು ಮಗುವನ್ನು ಬೇರೆ ಕಡೆ ಸೇರಿಸಿದರು. ಪುಟ್ಟಿಗೆ ಮಾತು ಕಲಿಸಲು ಕೇಂದ್ರದ ಹುಡುಗಿಯೊಬ್ಬಳು ಮನೆಗೆ ಬರುತ್ತಾಳೆ. ಮಾವ ಮಧ್ಯಾಹ್ನದ ಆಟದ ಕೋಣೆಗೆ ಹೋಗುತ್ತಾರೆ, ಅಲ್ಲಿನ ಗೋಡೆಯ ಬಣ್ಣ ನೋಡಿ, "ಯಾವ ದಡ್ಡ ಬಳಿದಿದ್ದು ಇದನ್ನ?" ಎಂದು ಬೈಯುತ್ತಾರೆ.

ವಿಚಾರಣೆಯಾಯಿತು. ಟೀಚರಿಗೆ ಎಚ್ಚರಿಕೆ ಕೊಟ್ಟು, ತರಬೇತಿಗೆ ಕಳಿಸಿದರು. ಶಿಶುವಿಹಾರಕ್ಕೆ ಆಯಾ ಬಂದರು. ಸಾಮಾನು ಕೋಣೆಯ ಬಾಗಿಲನ್ನೇ ಕಿತ್ತು ಹಾಕಿಸಿದರು. ಸುತ್ತಲಿನ ಶಿಶುವಿಹಾರಗಳ ಟೀಚರ್‌ಗಳೆಲ್ಲ ಈಗ ಕೇಂದ್ರದಲ್ಲಿ ಸೇರುತ್ತಾರೆ, ಕಷ್ಟ ಸುಖ ಹೇಳಿಕೊಳ್ಳುತ್ತಾರೆ, ಕಚ್ಚುವ, ಹೊಡೆಯುವ, ಮೂಲೆ ಹಿಡಿಯುವ ಮಕ್ಕಳ ಬಗ್ಗೆ ಸಲಹೆ ಕೇಳುತ್ತಾರೆ.

ಟೀಚರ್ ಮತ್ತೆ ಕೆಲಸಕ್ಕೆ ಬಂದ ಬೆಳಿಗ್ಗೆ ತಾಯಿ ಗೇಟಿನ ಹತ್ತಿರ ಬಹಳ ಹೊತ್ತು ಮಗಳ ಕೈ ಬಿಡಲಿಲ್ಲ. ಟೀಚರ್ ಕೂಡ ಕೈ ಚಾಚಲಿಲ್ಲ, ಕಾದರು. ಕೊನೆಗೆ ತಾಯಿ ಕೇಳಿದಳು.

"ಟೀಚರ್, ಇವತ್ತು ನೀರು ಕುಡಿದ್ರಾ?"

ಟೀಚರ್ ಹೌದೆಂದು ತಲೆಯಾಡಿಸಿದರು. ಕಣ್ಣು ತುಂಬಿಕೊಂಡಿತ್ತು. ತಾಯಿ ಮಗಳ ಬೆರಳು ಬಿಟ್ಟಳು.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅಜ್ಜ ಅಜ್ಜಿಯರೇ, ಕಚ್ಚುವ ಮಕ್ಕಳೆಲ್ಲರಿಗೂ ಕಿವಿಯ ತೊಂದರೆ ಇರುವುದಿಲ್ಲ. ಆದರೆ ಸುಮ್ಮಸುಮ್ಮನೆ ಕಚ್ಚುವ ಮಗುವೂ ಇರುವುದಿಲ್ಲ. ಮಗು ಕರೆದರೆ ತಿರುಗದಿದ್ದರೆ, ವಯಸ್ಸಿಗೆ ತಕ್ಕ ಮಾತು ಬರದಿದ್ದರೆ ಹಠವೆಂದು ಹೆಸರಿಡುವ ಮೊದಲು ತೋರಿಸಿ. ಮಗುವನ್ನು ನೋಡಿಕೊಳ್ಳುವುದು ನಿಮ್ಮ ಕೈ ಮೀರುತ್ತಿದ್ದರೆ ಬಾಗಿಲು ಹಾಕಿಕೊಂಡು ಅಳಬೇಡಿ, ಬಾಗಿಲು ತೆರೆದು ಕೇಳಿ. ಹಾಗೆ ಕೇಳಿದ ಮಾತ್ರಕ್ಕೆ ನೀವು ಕೆಟ್ಟ ತಾಯಿ, ಕೆಟ್ಟ ಅಜ್ಜ ಆಗುವುದಿಲ್ಲ. ನಿಮ್ಮ ಮಗುವಿನ ಟೀಚರ್ ಒಬ್ಬರೇ ಒದ್ದಾಡುತ್ತಿದ್ದರೆ ಅದು ಅವರ ಪಾಡು ಎಂದು ಬಿಡಬೇಡಿ. ಆಯಾ ಬೇಕೆಂದು ನೀವೂ ಅವರ ಜೊತೆ ನಿಂತು ಕೇಳಿ. ನಿಮ್ಮ ಹತ್ತಿರದ ಕುಟುಂಬ ನೆರವು ಕೇಂದ್ರ ಎಲ್ಲಿದೆ? ಗೊತ್ತಿಲ್ಲದಿದ್ದರೆ ಇವತ್ತೇ ಯಾರನ್ನಾದರೂ ವಿಚಾರಿಸಿ. ನಾಳೆ ಬೆಳಿಗ್ಗೆ ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ.